ಟರ್ಮಕ್ಸ್‌ನಲ್ಲಿ ಕಾಡಿದ 'ಸಿಗ್ನಲ್ 9'

ಊರಿಗೆ ಹೋದಾಗಲೂ ಪೈಥಾನ್ ಪ್ರೋಗ್ರಾಮಿಂಗ್ ಕೆಲಸ ನಿಲ್ಲಬಾರದೆಂದು ನಾನು ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಿ ಟರ್ಮಕ್ಸ್ (ಲಿನಕ್ಸ್ ಆದೇಶಗಳನ್ನು ಟೈಪಿಸಿ ಓಡಿಸುವ ಆ್ಯಪ್) ಹಾಕಿಕೊಂಡು, ಬ್ಲೂಟೂತ್ ಕೀಬೋರ್ಡ್ ಜೋಡಿಸಿಕೊಂಡಿದ್ದೇನೆ. ಸಣ್ಣ ಪ್ರೋಗ್ರಾಮುಗಳು ಸರಾಗವಾಗಿ ಓಡುತ್ತಿದ್ದವಾದರೂ, ದೊಡ್ಡದೊಂದು ಲೈಬ್ರರಿಯನ್ನು (ಸಿದ್ಧ ಕೋಡಿನ ಸಂಗ್ರಹ) ಕಂಪೈಲ್ ಆಗಲು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ಬದಲಾಗಲು, ಬಿಟ್ಟು ಬ್ರೌಸರಿಗೆ ಹೋಗಿ ಮರಳುವಷ್ಟರಲ್ಲಿ 'ಸಿಗ್ನಲ್ 9' (ಬಲವಂತವಾಗಿ ನಿಲ್ಲಿಸಲಾಗಿದೆ ಎಂದರ್ಥ) ಎಂಬ ಸೂಚನೆಯೊಂದಿಗೆ ಇಡೀ ಸೆಷನ್ನೇ ಮುಗಿದುಹೋಗಿರುತ್ತಿತ್ತು.

ಬ್ಯಾಟರಿ ನಿರ್ಬಂಧವನ್ನು ತೆಗೆದೆ, ಟ್ಯಾಬ್ಲೆಟ್ ನಿದ್ರೆಗೆ ಜಾರದಂತೆ ತಡೆಯುವ ವೇಕ್ ಲಾಕ್ ಹಾಕಿದೆ; ಎರಡೂ ಫಲಿಸಲಿಲ್ಲ. ಮೆಮೊರಿ ಸಾಲದೆಂದು ಟ್ಯಾಬ್ಲೆಟ್ಟನ್ನು ಬೈದದ್ದೂ ಉಂಟು, ಪಾಪ, ಅದರ ತಪ್ಪೇನೂ ಇರಲಿಲ್ಲ.

ನಿಜವಾದ ಕಾರಣ ಬೇರೆಯೇ ಇತ್ತು. ಆ್ಯಪ್‌ಗಳು ತಾವಾಗಿ ಹುಟ್ಟಿಸುವ ಉಪಪ್ರಕ್ರಿಯೆಗಳ (ಚೈಲ್ಡ್ ಪ್ರೊಸೆಸ್) ಮೇಲೆ ಆಂಡ್ರಾಯ್ಡ್ 12ರಿಂದೀಚೆಗೆ ನಿಗಾ ಇದ್ದು, ಎಲ್ಲ ಆ್ಯಪ್‌ಗಳದ್ದೂ ಸೇರಿ ಅವುಗಳ ಸಂಖ್ಯೆ 32ನ್ನು ಮೀರಿದರೆ ಅಥವಾ ಅವು ಹಿನ್ನೆಲೆಯಲ್ಲಿ ಸಿಪಿಯುವನ್ನು ವಿಪರೀತ ಬಳಸಿದರೆ ಆಂಡ್ರಾಯ್ಡ್ ಅವನ್ನು ಕೊನೆಗೊಳಿಸುತ್ತದೆ. ಕಂಪೈಲ್ ಮಾಡುವುದೆಂದರೆ ಒಂದರ ಹಿಂದೊಂದು ಉಪಪ್ರಕ್ರಿಯೆಗಳನ್ನು ಹುಟ್ಟಿಸುವುದೇ ಆದ್ದರಿಂದ ಪೆಟ್ಟು ಅಲ್ಲಿಗೇ ಬೀಳುತ್ತಿತ್ತು.

ನನ್ನದು ಆಂಡ್ರಾಯ್ಡ್ 14 ಆದದ್ದರಿಂದ ಪರಿಹಾರ ಸುಲಭವಾಯಿತು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಬಾರಿ ಒತ್ತಿ, ತೆರೆದುಕೊಂಡ ಡೆವಲಪರ್ ಆಪ್ಷನ್ಸ್‌ನಲ್ಲಿ 'ಡಿಸೇಬಲ್ ಚೈಲ್ಡ್ ಪ್ರೊಸೆಸ್ ರಿಸ್ಟ್ರಿಕ್ಷನ್ಸ್' ಎಂಬುದನ್ನು ಆನ್ ಮಾಡಿ, ಟ್ಯಾಬ್ಲೆಟ್ಟನ್ನು ರೀಸ್ಟಾರ್ಟ್ ಮಾಡಿದೆ. ಈ ಆಯ್ಕೆ ಕಾಣಿಸದ ಹಳೆಯ ಆವೃತ್ತಿಗಳಲ್ಲಿ ಎಡಿಬಿ (ಕಂಪ್ಯೂಟರಿನಿಂದ ಆಂಡ್ರಾಯ್ಡ್ ಸಾಧನಕ್ಕೆ ಆದೇಶ ಕಳಿಸುವ ಸಾಧನ) ಮೂಲಕ ಆದೇಶ ಕೊಡಬೇಕಾಗುತ್ತದೆ. ಅಂದು ರಾತ್ರಿ ಅದೇ ಲೈಬ್ರರಿ ನಲವತ್ತು ನಿಮಿಷ ತೆಗೆದುಕೊಂಡು ಪೂರ್ತಿ ಕಂಪೈಲ್ ಆಯಿತು.