ಲಿನಕ್ಸ್‌ಗೆ ವೈರಸ್ ಬರಲ್ಲ ಅಂತ ಸುಮ್ನೆ ಕೂರಲಿಲ್ಲ

ಮನೆಯ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕುತ್ತೇನೆ ಅಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು, ಇನ್ನು ವೈರಸ್ ಚಿಂತೆ ಬಿಡು ಅಂತ. ಅದು ಅರ್ಧ ನಿಜ. ವಿಂಡೋಸ್‌ಗೆಂದು ಬರೆದ ವೈರಸ್ ಇಲ್ಲಿ ಓಡುವುದಿಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿರುತ್ತವೆ ಅಲ್ವಾ, ಅದನ್ನೇ ಮಿಂಟ್‌ಗೆ ಹಾಕಿದರೆ ವೈರಸ್ ಮುಚ್ಚಿಟ್ಟ ಅಸಲಿ ಫೋಲ್ಡರ್‌ಗಳು ಕಣ್ಣೆದುರೇ ಇರುತ್ತವೆ. ಶಾರ್ಟ್‌ಕಟ್‌ಗಳನ್ನು ಅಳಿಸಿ, ಕ್ಲಾಮ್‌ಎವಿ ಎಂಬ ಆಂಟಿವೈರಸ್‌ನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇನೆ. ಮುಂದೆ ಅದನ್ನು ವಿಂಡೋಸ್‌ಗೆ ಹಾಕುವವರು ಇರುತ್ತಾರಲ್ಲ, ಅವರಿಗಾಗಿ.

ಇನ್ನರ್ಧದ ಕೆಲಸ ಇನ್‌ಸ್ಟಾಲ್‌ಗೂ ಮೊದಲೇ ಶುರು. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ವೆಬ್‌ಸೈಟಿಗೇ ಕಳ್ಳರು ನುಗ್ಗಿ, ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲಿಟ್ಟ (ಹೊರಗಿನವರು ಗುಟ್ಟಾಗಿ ನುಗ್ಗಲು ದಾರಿ ಮಾಡಿಟ್ಟ) ಐಎಸ್‌ಒ ಎಂಬ ಇನ್‌ಸ್ಟಾಲ್ ಫೈಲ್ ಕಡೆಗೆ ತಿರುಗಿಸಿದ್ದರು. ಸೈಟೇ ಕಳ್ಳರ ಕೈಯಲ್ಲಿದ್ದರೆ ಅಲ್ಲಿ ಬರೆದಿರುವ ಚೆಕ್‌ಸಮ್ ಅನ್ನೂ (ಫೈಲ್ ಬದಲಾಗಿದೆಯೇ ಅಂತ ತಾಳೆ ನೋಡುವ ಸಂಖ್ಯೆ) ಬದಲಿಸಬಹುದು. ಹಾಗಾಗಿ ಚೆಕ್‌ಸಮ್ ಜೊತೆ ಮಿಂಟ್ ತಂಡದ ಗುಟ್ಟಿನ ಕೀಲಿಯಿಂದ ಮಾತ್ರ ಹಾಕಬಹುದಾದ ಜಿಪಿಜಿ ಸಹಿಯನ್ನೂ ತಾಳೆ ನೋಡಿಯೇ ಇನ್‌ಸ್ಟಾಲ್ ಮಾಡಿದೆ.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಬೇರೆ. ಪಾಸ್‌ವರ್ಡ್ ಕೊಡದೆ ಯಾವ ಪ್ರೋಗ್ರಾಮೂ ಏನೂ ಮಾಡಲಾರದು ಅಂತ ತುಂಬಾ ಜನ ನಂಬಿದ್ದಾರೆ. ಸಿಸ್ಟಂ ಫೈಲ್‌ಗಳ ಮಟ್ಟಿಗೆ ಸರಿ. ಆದರೆ ನನ್ನ ಫೋಟೋ, ಕಾಗದಪತ್ರ, ಬ್ರೌಸರ್‌ನಲ್ಲಿ ಉಳಿಸಿದ ಲಾಗಿನ್ ಎಲ್ಲ ಇರುವುದು ನನ್ನ ಹೋಮ್ ಫೋಲ್ಡರ್‌ನಲ್ಲಿ, ಅದನ್ನು ಓದಲು ರೂಟ್ (ಇಡೀ ಸಿಸ್ಟಂ ಮೇಲಿನ ಪೂರ್ಣ ಅಧಿಕಾರ) ಬೇಕಾಗಿಲ್ಲ, ನನ್ನ ಹೆಸರಿನಲ್ಲಿ ಓಡುವ ಯಾವ ಪ್ರೋಗ್ರಾಂ ಆದರೂ ಓದಬಹುದು. ಇನ್ನೊಂದು ಪರೀಕ್ಷೆ ಮಾಡಿದೆ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಎಕ್ಸ್11 (ಪರದೆ, ಕೀಬೋರ್ಡ್ ನೋಡಿಕೊಳ್ಳುವ ವ್ಯವಸ್ಥೆ) ಮೇಲೆ ಓಡುತ್ತದೆ. ಟರ್ಮಿನಲ್‌ನಲ್ಲಿ ಒತ್ತಿದ ಕೀಲಿಗಳನ್ನು ತೋರಿಸುವ ಎಕ್ಸ್‌ಇನ್‌ಪುಟ್ ಟೆಸ್ಟ್ ಆಜ್ಞೆ ಓಡಿಸಿಟ್ಟು, ಬ್ರೌಸರ್‌ಗೆ ಹೋಗಿ ಟೈಪ್ ಮಾಡಿದೆ. ಒತ್ತಿದ ಪ್ರತಿ ಕೀಲಿಯ ಕೋಡ್ ಟರ್ಮಿನಲ್‌ನಲ್ಲಿ ಸಾಲಾಗಿ ಬಂತು! ರೂಟ್ ಇಲ್ಲ, ಪಾಸ್‌ವರ್ಡ್ ಕೇಳಲಿಲ್ಲ. ಅಂದಿನಿಂದ ಬ್ಯಾಂಕ್ ಕೆಲಸಕ್ಕೇ ಬೇರೆ ಯೂಸರ್ ಅಕೌಂಟ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಫೈರ್‌ಫಾಕ್ಸ್ ಬಿಟ್ಟರೆ ಬೇರೇನೂ ತೆರೆಯುವುದಿಲ್ಲ, ಎಕ್ಸ್‌ಟೆನ್ಷನ್ ಒಂದೂ ಇಲ್ಲ, ಹೋಮ್ ಫೋಲ್ಡರ್‌ನ ಅನುಮತಿ 700, ಅಂದರೆ ಬೇರೆ ಯೂಸರ್‌ಗಳು ಅದನ್ನು ತೆರೆಯಲಾಗದು.

ಮಿಂಟ್‌ನಲ್ಲಿ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕ ತಡೆಯುವ ವ್ಯವಸ್ಥೆ) ಮೊದಲಿನಿಂದ ಆಫ್ ಇರುತ್ತದೆ, ಆನ್ ಮಾಡಿದರೆ ಮುಗಿಯಿತು.

ಸಾಫ್ಟ್‌ವೇರ್ ಎಲ್ಲಿಂದ ತರುತ್ತೇವೆ ಅನ್ನುವುದು ಇದಕ್ಕಿಂತ ಜಾಸ್ತಿ ಮುಖ್ಯ. 2018ರಲ್ಲಿ ಮಿಂಟ್‌ಗೆ ಬುನಾದಿಯಾದ ಉಬುಂಟುವಿನ ಸ್ನ್ಯಾಪ್ ಸ್ಟೋರ್ ಎಂಬ ಆಪ್ ಅಂಗಡಿಯ ಒಂದು ಪುಟ್ಟ ಆಟದೊಳಗೇ ನಮ್ಮ ಕಂಪ್ಯೂಟರ್ ಬಳಸಿ ಡಿಜಿಟಲ್ ಹಣ ಗಳಿಸುವ ಕ್ರಿಪ್ಟೊ ಮೈನಿಂಗ್ ಕೋಡ್ ಸಿಕ್ಕಿತ್ತು. ಎಲ್ಲೋ ಕಂಡ ಆಜ್ಞೆಯನ್ನು ಕಾಪಿ ಮಾಡಿ ಸುಡೋ (ರೂಟ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಜೊತೆ ಅಂಟಿಸುವುದನ್ನಂತೂ ನಾನು ಮಾಡುವುದಿಲ್ಲ, ಮಿಂಟ್‌ನ ಸ್ವಂತ ರೆಪೊಸಿಟರಿಯಲ್ಲಿ (ಸಾಫ್ಟ್‌ವೇರ್ ಭಂಡಾರದಲ್ಲಿ) ಇದ್ದರೆ ಅದೇ ಸಾಕು, ಆವೃತ್ತಿ ಹಳೆಯದಾದರೂ ಪರವಾಗಿಲ್ಲ. ಹೊಸ ಆವೃತ್ತಿಯಲ್ಲೇ ಅಪಾಯ ಇರಬಹುದು. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರ್‌ನ ಹಿಂಬಾಗಿಲನ್ನು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಪತ್ತೆ ಹಚ್ಚಿದ್ದು ಎಸ್‌ಎಸ್‌ಎಚ್ (ದೂರದಿಂದ ಕಂಪ್ಯೂಟರ್ ಒಳಹೊಕ್ಕುವ ವಿಧಾನ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಬೆನ್ನು ಹತ್ತಿದ್ದರಿಂದ. 5.6.0 ಮತ್ತು 5.6.1 ಆವೃತ್ತಿಗಳಲ್ಲಿದ್ದ ಆ ಕೋಡ್ ಡೆಬಿಯನ್ ಎಂಬ ಲಿನಕ್ಸ್‌ನ ಪರೀಕ್ಷಾ ಆವೃತ್ತಿ ಟೆಸ್ಟಿಂಗ್‌ವರೆಗೂ ಬಂದಿತ್ತು. ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಸ್ಥಿರ ಆವೃತ್ತಿ) ಮೇಲೆ ನಿಂತ ಮಿಂಟ್‌ಗೆ ಅದು ತಲುಪಲೇ ಇಲ್ಲ.

ಮನೆಯವರ ಅಕೌಂಟ್‌ಗಳಿಗೆ ಅಡ್ಮಿನ್ ಹಕ್ಕು ಕೊಟ್ಟಿಲ್ಲ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಅಪ್‌ಡೇಟ್ ತಾನಾಗಿಯೇ ಆಗುವ ಹಾಗೆ ಮಾಡಿದ್ದೇನೆ. ಸಿಸ್ಟಂ ಅನ್ನು ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ನಾವು ಹೇಳದ ಹೊರತು ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ. ಆದ್ದರಿಂದ ಫೋಟೋಗಳಿಗೆ ಬೇರೆ ಹಾರ್ಡ್‌ಡಿಸ್ಕ್ ಇದೆ, ಬ್ಯಾಕಪ್ ಮುಗಿದ ಕೂಡಲೇ ಅದನ್ನು ಕಳಚಿ ಇಡುತ್ತೇನೆ.