ಎತ್ತರದ ಗಾಡಿಯೋ ಉದ್ದದ ಗಾಡಿಯೋ: ಟೇಪ್ ಹಿಡಿದು ಅಳೆದು ಕೊಳ್ಳಿ

ಹೊಸ ಗಾಡಿ ನೋಡಲು ಶೋರೂಮಿಗೆ ಹೋಗುವಾಗ ಚೆಕ್‌ಬುಕ್ ಮನೆಯಲ್ಲೇ ಬಿಡಿ. ಅಳತೆ ಟೇಪ್ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಬೆಳಗಾವಿಯಲ್ಲಿ ಈಗ ಯಾರನ್ನು ಕೇಳಿದರೂ ಒಂದೇ ಮಾತು, "ಎತ್ತರದ ಗಾಡಿ ತಗೋರಿ, ನಮ್ಮ ರಸ್ತೆಗೆ ಅದೇ ಚಲೋ." ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ಗೊತ್ತಾಗುವುದು ಹಬ್ಬಕ್ಕೆ ಊರಿಗೆ ಹೊರಟ ದಿನ, ಡಿಕ್ಕಿ ಬಾಗಿಲು ಎಷ್ಟು ಒತ್ತಿದರೂ ಮುಚ್ಚದೇ ಹೋದಾಗ.

ನಮ್ಮ ಮನೆಯಲ್ಲಿ ಎರಡೂ ಥರದ ಗಾಡಿ ಇದ್ದವು. ಎಂಟು ವರ್ಷ ಒಂದು ಸೆಕೆಂಡ್ ಹ್ಯಾಂಡ್ ಇಂಡಿಗೋ ಮರೀನಾ (ಟಾಟಾದ ಉದ್ದದ ಎಸ್ಟೇಟ್ ಕಾರು) ಓಡಿಸಿದೆ. ಅದನ್ನು ಕೊಟ್ಟು ಚಿಕ್ಕ ಎಸ್‌ಯುವಿ ತಂದು ನಾಲ್ಕು ವರ್ಷವಾಯಿತು. ಹೊಸ ಗಾಡಿಯಲ್ಲಿ ಅವ್ವನಿಗೆ ಆರಾಮವಿದೆ. ಆದರೆ ಊರಿಂದ ಜೋಳದ ಚೀಲ ತರುವಾಗಲೆಲ್ಲ ನನಗೆ ಮರೀನಾ ನೆನಪಾಗುತ್ತದೆ.

ಎಸ್ಟೇಟ್ ಕಾರು ಅಂದರೆ ಯಾವುದು?

ಸೆಡಾನ್, ಅಂದರೆ ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿರುವ ಕಾರಿನ ಮೇಲ್ಛಾವಣಿಯನ್ನು ಹಿಂದಿನ ಬಂಪರ್‌ವರೆಗೂ ಎಳೆದರೆ ಅದೇ ಎಸ್ಟೇಟ್. ಡಿಕ್ಕಿಯೂ ಸೀಟಿನ ಜಾಗವೂ ಒಂದೇ ಕೋಣೆಯಂತಾಗುತ್ತವೆ. ಗಾಡಿ ಉದ್ದ ಇರುತ್ತದೆ, ನೆಲಕ್ಕೆ ಹತ್ತಿರ ಇರುತ್ತದೆ. ಯುರೋಪಿನ ಸಂಸಾರಗಳು ಇದನ್ನು ಬಹಳ ಕಾಲದಿಂದ ನೆಚ್ಚಿಕೊಂಡಿವೆ. ಅಲ್ಲಿ ಸಿಗುವ ಸ್ಕೋಡಾ ಆಕ್ಟೇವಿಯಾ ಎಸ್ಟೇಟಿನ ಡಿಕ್ಕಿ 640 ಲೀಟರ್. ನಮ್ಮಲ್ಲಿ ಟಾಟಾದವರು 1992ರಲ್ಲೇ 'ಎಸ್ಟೇಟ್' ಎಂಬ ಹೆಸರಿನ ಗಾಡಿ ತಂದರು. 2004ರಲ್ಲಿ ಮರೀನಾ ಬಂತು. ಮಾರುತಿಯ ಬಲೆನೊ ಅಲ್ಟುರಾ ಕೂಡ ಇತ್ತು. ಯಾವುದೂ ಹೆಚ್ಚು ಮಾರಾಟವಾಗಲಿಲ್ಲ. ವೋಲ್ವೋ, ಮರ್ಸಿಡಿಸ್‌ನಂಥವರು ತಂದ ಎಸ್ಟೇಟುಗಳು ನಮ್ಮಂಥವರ ಕೈಗೆ ಎಟಕುವಂಥವಲ್ಲ.

ಹಾಗಾದರೆ ಉದ್ದದ ಗಾಡಿ ಬೇಕಾದವರು ಏನು ಮಾಡಬೇಕು? ದಾರಿ ಎರಡಿವೆ. ಒಂದು, ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಹೋಂಡಾ ಸಿಟಿಯಂಥ ದೊಡ್ಡ ಸೆಡಾನ್. ಇನ್ನೊಂದು, ಮಾರುತಿ ಎರ್ಟಿಗಾದಂಥ ಏಳು ಸೀಟಿನ ಗಾಡಿ ಕೊಂಡು ಕೊನೆಯ ಸಾಲನ್ನು ಮಡಚಿಡುವುದು. ಮಡಚಿದ ಎರ್ಟಿಗಾ ನನ್ನ ಲೆಕ್ಕದಲ್ಲಿ ಎಸ್ಟೇಟೇ. ಬಾಡಿಗೆ ಗಾಡಿ ಅಂತ ಮೂಗು ಮುರಿಯುವವರು ಇದ್ದಾರೆ. ಬಾಡಿಗೆಗೆ ಓಡಿಸುವವರು ಯಾಕೆ ಅದನ್ನೇ ಆರಿಸುತ್ತಾರೆ ಅಂತ ಒಮ್ಮೆ ಯೋಚಿಸಿ. ದಿನವಿಡೀ ಜನ, ಸಾಮಾನು ಹೊತ್ತು ಓಡಬೇಕಾದ ಗಾಡಿ ಅದು.

ಮೊದಲ ಕೆಲಸ: ತಿಂಗಳ ಓಡಾಟ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಾ ಎಲ್ಲಿಗೆ ಹೋದಿರಿ, ಎಷ್ಟು ಜನ ಕೂತಿದ್ದರು, ಏನು ಹೊತ್ತಿರಿ, ಇಷ್ಟೇ ಬರೆಯಿರಿ. ಕೈಯಲ್ಲಿ ಈಗ ಬೈಕಿದ್ದರೂ ಬರೆಯಿರಿ. ತಿಂಗಳಾದ ಮೇಲೆ ಓದಿದರೆ ನಿಮಗೇ ಆಶ್ಚರ್ಯವಾಗುತ್ತದೆ. ನಾನು ಬರೆದಾಗ ಹೆಚ್ಚಿನ ದಿನ ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ಒಬ್ಬನೇ ಹೋಗಿ ಬಂದಿದ್ದೆ. ನಾಲ್ಕು ಸಲ ಖಡೇಬಜಾರ್, ಎರಡು ಸಲ ಧಾರವಾಡ, ಒಂದು ಸಲ ಊರು. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿದ್ದು ಸೊನ್ನೆ ಸಲ. ಮನಸ್ಸಿನಲ್ಲಿ ಮಾತ್ರ ದಿನಾ ಗೋವಾ ಇತ್ತು. ಗಾಡಿ ಕೊಳ್ಳಬೇಕಾದ್ದು ನೋಟ್‌ಬುಕ್ಕಿನ ಓಡಾಟಕ್ಕೆ.

ಗಲ್ಲಿಯಲ್ಲಿ ಉದ್ದಕ್ಕಿಂತ ಅಗಲ ನೋಡಿ

ಚಿಕ್ಕ ಎಸ್‌ಯುವಿಗಳು ಬಹುತೇಕ 3,995 ಮಿ.ಮೀ. ಉದ್ದ ಇರುತ್ತವೆ. ಬ್ರೆಝಾ ಅಷ್ಟೇ, ನೆಕ್ಸಾನ್ ಅಷ್ಟೇ. ಇದು ಕಾಕತಾಳೀಯ ಅಲ್ಲ. 2006ರಿಂದ ಸರ್ಕಾರ 4 ಮೀಟರ್ ಒಳಗಿನ ಸಣ್ಣ ಎಂಜಿನ್ ಗಾಡಿಗಳಿಗೆ ತೆರಿಗೆ ಕಡಿಮೆ ಇಟ್ಟಿದೆ. ಅದಕ್ಕಾಗಿ ಕಂಪನಿಗಳು ಹಿಂಭಾಗವನ್ನು ಕತ್ತರಿಸಿ ಕೂರಿಸಿವೆ. ಕತ್ತರಿ ಬಿದ್ದಿದ್ದು ನಿಮ್ಮ ಡಿಕ್ಕಿಗೆ.

ಉದ್ದ ಉಳಿಯಿತು, ಸರಿ. ಅಗಲ? ಬ್ರೆಝಾ 1,790 ಮಿ.ಮೀ., ನೆಕ್ಸಾನ್ 1,804. ಸುಮಾರು 4.4 ಮೀಟರ್ ಉದ್ದದ ಎರ್ಟಿಗಾ ಮಾತ್ರ 1,735! 'ಚಿಕ್ಕ' ಗಾಡಿಯೇ 5ರಿಂದ 7 ಸೆಂಟಿಮೀಟರ್ ಹೆಚ್ಚು ಅಗಲ. ಗಣಪತ್ ಗಲ್ಲಿಯಲ್ಲೋ ಶಹಾಪುರದ ಓಣಿಯಲ್ಲೋ ಎದುರಿಗೆ ಟಂಟಂ ಬಂದಾಗ ಕನ್ನಡಿ ಉಳಿಯುವುದು ಇಷ್ಟೇ ಜಾಗದಲ್ಲಿ. ಉದ್ದ ಕಾಡುವುದು ನಿಲ್ಲಿಸುವಾಗ ಮತ್ತು ತಿರುಗಿಸುವಾಗ.

ಆದ್ದರಿಂದ ಮೂರು ಅಳತೆ ತೆಗೆಯಿರಿ. ಮನೆ ಗೇಟಿನ ಅಗಲ, ಗಾಡಿ ನಿಲ್ಲುವ ಜಾಗದ ಉದ್ದ, ಓಣಿಯ ಅತೀ ಇಕ್ಕಟ್ಟಾದ ಜಾಗ. ಕಂಪನಿ ಹೇಳುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ, ಅದಕ್ಕೆ ಬೇರೆ ಲೆಕ್ಕ ಹಿಡಿಯಿರಿ. ನಿಲ್ಲುವ ಜಾಗ 14 ಅಡಿಯಷ್ಟೇ ಇದ್ದರೆ ಮಾತು ಮುಗಿಯಿತು. ನಿಮಗೆ 4 ಮೀಟರ್ ಒಳಗಿನ ಗಾಡಿಯೇ ಸರಿ, ಮುಂದಿನದು ಓದದಿದ್ದರೂ ನಡೆಯುತ್ತದೆ.

ಡಿಕ್ಕಿಗೆ ನಿಮ್ಮದೇ ಸಾಮಾನು ಇಟ್ಟು ನೋಡಿ

ಲೀಟರ್ ಲೆಕ್ಕ ಮೊದಲು ತಿಳಿದಿರಲಿ. ಬ್ರೆಝಾ 328, ನೆಕ್ಸಾನ್ 382, ಸ್ಲಾವಿಯಾ 521. ಎರ್ಟಿಗಾದಲ್ಲಿ ಮೂರೂ ಸಾಲು ಎತ್ತಿದ್ದರೆ ಬರೀ 209, ಕೊನೆಯ ಸಾಲು ಮಡಚಿದರೆ 550. ಏಳು ಜನ ಕೂತು ಏಳು ಜನರ ಲಗೇಜೂ ಹಿಡಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಲೀಟರ್ ನೋಡಿದರೆ ಸಾಲದು. ನಮ್ಮ ಕಡೆ ಡಿಕ್ಕಿಗೆ ಹೋಗುವುದು ನೀರಲ್ಲವಲ್ಲ. ಜೋಳದ ಚೀಲ, ರೊಟ್ಟಿ ಡಬ್ಬಿ, ಮಗನ ಸೈಕಲ್ಲು, ಯಲ್ಲಮ್ಮನ ಗುಡ್ಡಕ್ಕೆ ಹೊರಟರೆ ನೈವೇದ್ಯದ ಪಾತ್ರೆ-ಪಗಡ. ಅದಕ್ಕೇ ಡಿಕ್ಕಿಯ ಬಾಯಿ ಮುಖ್ಯ. ಸೆಡಾನಿನ ಡಿಕ್ಕಿ ಆಳ, ಆದರೆ ಬಾಯಿ ಗಿಡ್ಡ. ಎರಡು ದೊಡ್ಡ ಸೂಟ್‌ಕೇಸ್ ಸಲೀಸಾಗಿ ಹೋಗುತ್ತವೆ, ಸೈಕಲ್ ಹೋಗುವುದಿಲ್ಲ. ಎಸ್‌ಯುವಿಯ ಬಾಯಿ ದೊಡ್ಡದು, ಆದರೆ ಹೊಸ್ತಿಲು ಎತ್ತರ. ಚೀಲವನ್ನು ಸೊಂಟದವರೆಗೆ ಎತ್ತಿ ಒಳಗೆ ಇಳಿಸಬೇಕು. ನಡು ಹಿಡಿದುಕೊಂಡ ಮೇಲೆ ಇದರ ಅರ್ಥ ಚೆನ್ನಾಗಿ ಆಗುತ್ತದೆ. ನನ್ನ ಮರೀನಾದಲ್ಲಿ ಚೀಲವನ್ನು ಅಂಚಿಗೆ ಒರಗಿಸಿ ದಬ್ಬಿದರೆ ಒಳಗೆ ಜಾರುತ್ತಿತ್ತು. ಎಸ್ಟೇಟಿನ ನಿಜವಾದ ಗುಣ ಇದೇ: ತಗ್ಗು ಹೊಸ್ತಿಲು, ಅಗಲ ಬಾಯಿ, ಉದ್ದ ನೆಲ.

ಹೀಗೆ ಮಾಡಿ. ಶೋರೂಮಿಗೆ ಮನೆಯ ಅತೀ ದೊಡ್ಡ ಬ್ಯಾಗು ಒಯ್ಯಿರಿ. ನೀವೇ ಎತ್ತಿ ಇಡಿ. ಆಮೇಲೆ ನೆಲದಿಂದ ಡಿಕ್ಕಿಯ ಅಂಚಿನವರೆಗೆ ಟೇಪ್ ಹಿಡಿಯಿರಿ. ಬಾಯಿಯ ಅಗಲ ಅಳೆಯಿರಿ. ಹಿಂದಿನ ಸೀಟು ಮಡಚಿಸಿ, ನೆಲ ಸಮ ಆಗುತ್ತದೋ ಮೆಟ್ಟಿಲು ಬೀಳುತ್ತದೋ ನೋಡಿ. ಸಿಎನ್‌ಜಿ ಗಾಡಿ ಬೇಕಿದ್ದರೆ ಸಿಲಿಂಡರ್ ಕೂತಿರುವ ಗಾಡಿಯನ್ನೇ ತೋರಿಸಲು ಹೇಳಿ. ಪೆಟ್ರೋಲ್ ಗಾಡಿಯ ಡಿಕ್ಕಿ ತೋರಿಸಿದರೆ ಅದು ನಿಮ್ಮ ಗಾಡಿಯಲ್ಲ.

ಡಿಕ್ಕಿ ಮತ್ತು ಸೀಟಿನ ನಡುವೆ ಗೋಡೆಯಿಲ್ಲದ ಗಾಡಿಯಲ್ಲಿ ಸಾಮಾನನ್ನು ಕಟ್ಟಲೇಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಸಡಿಲ ಚೀಲ ನೇರ ಮಕ್ಕಳ ತಲೆಗೆ ಬರುತ್ತದೆ. ನೆಟ್ ಅಥವಾ ಬೆಲ್ಟ್ ತಪ್ಪದೇ ಹಾಕಿ.

ಹಂಪು, ಕಬ್ಬಿನ ಟ್ರ್ಯಾಕ್ಟರು, ಎರಿ ಮಣ್ಣು

ಎಲ್ಲರೂ ಎತ್ತರದ ಗಾಡಿ ಕೊಳ್ಳುವುದು ರಸ್ತೆಯ ಹಂಪಿಗೆ (ಸ್ಪೀಡ್ ಬ್ರೇಕರ್) ಹೆದರಿ. ಇಲ್ಲಿ ಒಂದು ವಿಷಯ ಬಿಡಿಸಿ ನೋಡೋಣ. ಗಾಡಿಯ ಎತ್ತರ ಬೇರೆ, ಗಾಡಿಯ ಕೆಳಗಿನ ಎತ್ತರ ಬೇರೆ. ಸ್ಕೋಡಾದ ಕುಶಾಕ್ ಎಸ್‌ಯುವಿ, ಸ್ಲಾವಿಯಾ ಸೆಡಾನ್. ಎರಡರ ಅಡಿಪಾಯ ಒಂದೇ, ಎಂಜಿನ್ನುಗಳೂ ಅವೇ, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ ಒಂದೇ: 2,651 ಮಿ.ಮೀ. ಕುಶಾಕ್ ಸುಮಾರು 10 ಸೆಂ.ಮೀ. ಎತ್ತರ. ಆದರೆ ಖಾಲಿ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕೆಳಗಿನ ಎತ್ತರ ನೋಡಿ. ಕುಶಾಕ್ 188 ಮಿ.ಮೀ., ಸ್ಲಾವಿಯಾ 179. ವ್ಯತ್ಯಾಸ 9 ಮಿ.ಮೀ., ಒಂದು ಪೆನ್ಸಿಲ್ಲಿನಷ್ಟು ದಪ್ಪ. ಉಳಿದ ಎತ್ತರವೆಲ್ಲ ತಲೆಯ ಮೇಲಿದೆ, ಚಕ್ರದ ನಡುವೆ ಇಲ್ಲ.

ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ಅಂಥ ಹಂಪನ್ನು ಈ ಎಲ್ಲ ಗಾಡಿಗಳೂ ನಿಧಾನವಾಗಿ ದಾಟುತ್ತವೆ. ತೊಂದರೆ ಕೊಡುವುದು ಊರವರೇ ಮಣ್ಣು-ಕಲ್ಲು ಹಾಕಿ ಎತ್ತಿದ ಚೂಪು ದಿಬ್ಬ. ಅದರ ಮೇಲೆ ಉದ್ದದ ಗಾಡಿಯ ಹೊಟ್ಟೆ ಸವರುತ್ತದೆ. ಮುಂದಿನ ಚಕ್ರ ಇಳಿದು ಹಿಂದಿನದು ಹತ್ತುವ ಮೊದಲು ನಡುಭಾಗ ಜೋತುಬಿದ್ದಂತೆ ಇರುತ್ತದೆ ಅಲ್ವಾ, ಅದಕ್ಕೆ. ಐದು ಜನ ಕೂತು ಡಿಕ್ಕಿ ತುಂಬಿದರೆ ಗಾಡಿ ಇನ್ನೂ ಕೆಳಗೆ ಕೂರುತ್ತದೆ. ಮರೀನಾದಲ್ಲಿ ನಾನು ಹಂಪನ್ನು ಓರೆಯಾಗಿ ದಾಟುತ್ತಿದ್ದೆ, ಒಂದೊಂದೇ ಚಕ್ರ ಹತ್ತಿಸಿ. ಎಂಟು ವರ್ಷದಲ್ಲಿ ಮೂರ್ನಾಲ್ಕು ಸಲ ಸವರಿರಬಹುದು. ಹೀಗೆ ದಾಟುವಾಗ ಹಿಂದೆ-ಮುಂದೆ ಬೈಕ್ ಇಲ್ಲವೆಂದು ನೋಡಿಕೊಳ್ಳಿ.

ಎತ್ತರದ ಗಾಡಿ ನಿಜವಾಗಿ ಗೆಲ್ಲುವುದು ಕಬ್ಬಿನ ಸೀಸನ್ನಿನಲ್ಲಿ. ಗೋಕಾಕ, ಅಥಣಿ, ಮುಧೋಳ, ಜಮಖಂಡಿ ರಸ್ತೆಯಲ್ಲಿ ರಾತ್ರಿ ಓಡಿಸಿದವರಿಗೆ ಹೇಳಬೇಕಿಲ್ಲ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಎದುರಿಗೆ ಬಂದರೆ ನೀವು ಡಾಂಬರು ಬಿಟ್ಟು ಮಣ್ಣಿಗೆ ಇಳಿಯಬೇಕು. ಆ ಅಂಚು ಎಷ್ಟೋ ಕಡೆ ಗೇಣುದ್ದ ಕೆಳಗಿದೆ. ತಗ್ಗಿನ ಗಾಡಿಯಾದರೆ ಎದೆ ಝಲ್ಲೆನ್ನುತ್ತದೆ. ಎತ್ತರ ಕೂತರೆ ಮುಂದೆ ನಿಂತ ಟ್ರೇಲರ್ ಕೂಡ ಸ್ವಲ್ಪ ಬೇಗ ಕಾಣುತ್ತದೆ. ವಾರಕ್ಕೆ ಎರಡು ಸಲ ಇಂಥ ರಸ್ತೆಯಲ್ಲಿ ಓಡಾಟ ಇದ್ದವರು ಚಿಕ್ಕ ಎಸ್‌ಯುವಿ ಕೊಂಡರೆ ನಾನು ಬೇಡ ಅನ್ನುವುದಿಲ್ಲ.

ಆದರೆ ವಿಜಯಪುರ, ಬಾಗಲಕೋಟೆ ಕಡೆಯ ರೈತರಿಗೆ ಒಂದು ಮಾತು. ಮಳೆ ಬಿದ್ದ ಎರಿ ಹೊಲದಲ್ಲಿ ಎಸ್‌ಯುವಿ ಅಂತ ಹೆಸರಿದ್ದರೆ ಸಾಗುವುದಿಲ್ಲ. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್ ಎಲ್ಲದರಲ್ಲೂ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಎರಿ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿದ ಮೇಲೆ ಚಕ್ರ ಸುಮ್ನೆ ತಿರುಗುತ್ತದೆ. ಎತ್ತರದ ಗಾಡಿಯೂ ಹೂಳುತ್ತದೆ, ತಗ್ಗಿನದೂ ಹೂಳುತ್ತದೆ. ಗಾಡಿಯನ್ನು ಡಾಂಬರಿನಲ್ಲೇ ಬಿಟ್ಟು ನಡೆದು ಹೋಗಿ.

ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ

ಇದನ್ನು ಯಾರೂ ಮಾಡುವುದಿಲ್ಲ. ಅಜ್ಜ-ಅಜ್ಜಿ ಗಾಡಿಯನ್ನು ಮೊದಲು ನೋಡುವುದು ಪೂಜೆಯ ದಿನ. ಅದರ ಬದಲು ಟೆಸ್ಟ್ ಡ್ರೈವ್ ದಿನವೇ ಅವರನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿ. ಸೀಟು ಅವರ ಸೊಂಟದ ಮಟ್ಟಕ್ಕೆ ಇದ್ದರೆ ಸರಿ. ಕೆಳಗಿದ್ದರೆ ಏಳುವಾಗ ಮೊಣಕಾಲು ನೋಯುತ್ತದೆ. ತುಂಬಾ ಮೇಲಿದ್ದರೆ ಸೀರೆ ಉಟ್ಟವರಿಗೆ ಹತ್ತುವುದು ಕಷ್ಟ. ನಮ್ಮವ್ವ ಮರೀನಾದಿಂದ ಇಳಿಯುವಾಗ ನನ್ನ ಕೈ ಬೇಕಿತ್ತು. ಈಗಿನ ಗಾಡಿಯಲ್ಲಿ ಮೊದಲ ದಿನ ತಾನೇ ಕೂತು, "ಕೂಡ್ರಾಕ ಏಳಾಕ ಇದು ಭಾಳ ಚಲೋ ಐತಿ ತಮ್ಮಾ," ಅಂದಳು. ಡಿಕ್ಕಿಯ ಬಗ್ಗೆ ನನಗೆ ಎಷ್ಟೇ ಬೇಸರ ಇರಲಿ, ಆ ಮಾತಿನ ಮುಂದೆ ಅದು ಸಣ್ಣದು. ಎರ್ಟಿಗಾದಲ್ಲೂ ಸೀಟು ಎತ್ತರವೇ ಇರುವುದರಿಂದ ಈ ಅನುಕೂಲ ಅಲ್ಲೂ ಸಿಗುತ್ತದೆ. ಸೆಡಾನಿನಲ್ಲಿ ಸಿಗುವುದಿಲ್ಲ.

ಹೈವೇ ಮತ್ತು ಘಾಟ್

ಧಾರವಾಡ ಹೈವೇಯಲ್ಲಿ 80ರಲ್ಲಿ ಹೋಗುವಾಗ ಎರಡೂ ಒಂದೇ ಥರ ಅನ್ನಿಸುತ್ತವೆ. 100ಕ್ಕೆ ಏರಿಸಿದರೆ ಗಾಳಿಯ ಎದುರುತಳ್ಳು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಎತ್ತರದ ಗಾಡಿ ಗಾಳಿಗೆ ದೊಡ್ಡ ಎದೆ ಒಡ್ಡುತ್ತದೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ವಂಟಮೂರಿ ಘಾಟಿನ ತಿರುವಿನಲ್ಲಿ ತಗ್ಗಿನ ಗಾಡಿ ರಸ್ತೆಗೆ ಅಂಟಿಕೊಂಡಂತೆ ಹೋಗುತ್ತದೆ, ಎತ್ತರದ್ದು ವಾಲುತ್ತದೆ. ಹಿಂದೆ ಕೂತ ಮಕ್ಕಳಿಗೆ ವಾಂತಿ ಬರುವ ಸ್ವಭಾವ ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎತ್ತರದ ಗಾಡಿಯೇ ಸುರಕ್ಷಿತ ಎಂಬುದೂ ಸರಿಯಲ್ಲ. ಕ್ರ್ಯಾಶ್ ಟೆಸ್ಟಿನಲ್ಲಿ ನೆಕ್ಸಾನ್ 5 ಸ್ಟಾರ್ ಪಡೆದಿದೆ, ತಗ್ಗಿನ ಸ್ಲಾವಿಯಾ ಕೂಡ 5 ಸ್ಟಾರ್ ಪಡೆದಿದೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ 2024ರಲ್ಲಿ ನಡೆಸಿದ ಇಂಥದೇ ಪರೀಕ್ಷೆಯಲ್ಲಿ ಎರ್ಟಿಗಾಕ್ಕೆ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು 1 ಸ್ಟಾರ್. ಎರ್ಟಿಗಾವನ್ನು ಇಷ್ಟು ಹೊಗಳಿದ ನಾನು ಇದನ್ನೂ ಹೇಳಬೇಕು. ನೀವು ಕೊಳ್ಳುವ ಮಾಡೆಲ್ಲಿನ ಫಲಿತಾಂಶ ನೋಡಿ, ಎಷ್ಟು ಏರ್‌ಬ್ಯಾಗ್ ಇವೆ ಎಂದು ಕೇಳಿ, ಆಮೇಲೆ ಮುಂಗಡ ಕೊಡಿ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಗಾಡಿಗೆ ಜಿಎಸ್‌ಟಿ 18%. ಡೀಸೆಲ್ ಆದರೆ 1,500 ಸಿಸಿವರೆಗೆ. ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 40%. ಬ್ರೆಝಾ 4 ಮೀಟರ್ ಒಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ, ಹಾಗಾಗಿ 40ರ ಸಾಲಿಗೆ ಬೀಳುತ್ತದೆ. ಇದರ ಮೇಲೆ ರಾಜ್ಯದ ರಸ್ತೆ ತೆರಿಗೆ. ಗಾಡಿ ಬೆಲೆ 5ರಿಂದ 10 ಲಕ್ಷದವರೆಗೆ ಇದ್ದರೆ 14%, 10 ದಾಟಿ 20 ಲಕ್ಷದವರೆಗೆ 17%, ಜೊತೆಗೆ ಸೆಸ್. 10 ಲಕ್ಷದ ಆಸುಪಾಸಿನಲ್ಲಿದ್ದರೆ ಒಂದು ಮಾಡೆಲ್ ಕೆಳಗಿಳಿದರೆ ಸುಮಾರು 30 ಸಾವಿರ ತೆರಿಗೆಯಲ್ಲೇ ಉಳಿಯುತ್ತದೆ. ಟೈರಿನ ಬೆಲೆಯನ್ನೂ ಕೇಳಿ. ಬ್ರೆಝಾ, ನೆಕ್ಸಾನ್‌ಗಳ 16 ಇಂಚಿನ ಅಗಲ ಟೈರು ಎರ್ಟಿಗಾದ 15 ಇಂಚಿನದಕ್ಕಿಂತ ದುಬಾರಿ.

ಕೊನೆಗೆ ಟೆಸ್ಟ್ ಡ್ರೈವ್

ಇಷ್ಟಾದ ಮೇಲೆ ಎರಡು ಗಾಡಿ ಉಳಿಸಿಕೊಳ್ಳಿ, ಒಂದು ಎತ್ತರದ್ದು, ಒಂದು ಉದ್ದದ್ದು. ಶೋರೂಮಿನವರು ಒಳ್ಳೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆಸಿ ತರುತ್ತಾರೆ. ಅದಕ್ಕೆ ಒಪ್ಪಬೇಡಿ. ಮನೆ ಮಂದಿಯನ್ನು ಕೂರಿಸಿ, ಡಿಕ್ಕಿಗೆ ಬ್ಯಾಗು ಹಾಕಿ, ನಿಮ್ಮ ಓಣಿಗೇ ಒಯ್ಯಿರಿ. ಗೇಟಿನೊಳಗೆ ಹಿಂದಕ್ಕೆ ತೆಗೆದುಕೊಂಡು ನಿಲ್ಲಿಸಿ. ಓಣಿಯ ಕೆಟ್ಟ ಹಂಪನ್ನು ಒಮ್ಮೆ ದಾಟಿ. ಮರುದಿನ ಅದೇ ದಾರಿಯಲ್ಲಿ ಇನ್ನೊಂದು ಗಾಡಿ. ಎರಡೂ ದಿನ ಇಳಿದ ಕೂಡಲೇ ಮೊದಲು ಕೇಳಬೇಕಾದ್ದು ಹಿಂದಿನ ಸೀಟಿನಲ್ಲಿ ಕೂತವರನ್ನು.