ನಾಣ್ಯದ ಲೆಕ್ಕ: ತಪ್ಪುತ್ತಿದ್ದ ಜಾಗ ಸಿಕ್ಕಿತು

2 ಮತ್ತು 5 ರೂಪಾಯಿಯ ಒಟ್ಟು 23 ನಾಣ್ಯ, ಮೊತ್ತ 76 ರೂಪಾಯಿ. ಯಾವ ನಾಣ್ಯ ಎಷ್ಟು? ಮಗಳು ಪ್ರತಿ ಸಲ ಎರಡಕ್ಕೂ ಒಂದೇ ಎಕ್ಸ್ ಹಾಕಿ 5ಎಕ್ಸ್ + 2ಎಕ್ಸ್ = 76 ಎಂದೇ ಬರೆಯುತ್ತಿದ್ದಳು. ಉತ್ತರ ಸುಮಾರು 10.86 ನಾಣ್ಯ!

ಅಂದಾಜು ಹಾಕಿದೆವು, ಸೂತ್ರ ಬಾಯಿಪಾಠ ಮಾಡಿಸಿದೆ. ಆಗಲಿಲ್ಲ.

ಕೊನೆಗೆ ಬಿಎಂಟಿಸಿ ಬಸ್ಸಿಗೆಂದು ಕೂಡಿಟ್ಟ ಚಿಲ್ಲರೆ ಡಬ್ಬಿ ಸುರಿದು ಎರಡು ಗುಡ್ಡೆ ಮಾಡಿದೆವು. ಹಾಳೆಯಲ್ಲಿ ಮೂರು ಕಾಲಂ: ಎಷ್ಟು ನಾಣ್ಯ, ಒಂದರ ಬೆಲೆ, ಒಟ್ಟು ಬೆಲೆ. ಮೊದಲು 'ಎಷ್ಟು' ಮಾತ್ರ ತುಂಬಬೇಕು. 5ರ ನಾಣ್ಯ ಎಕ್ಸ್ ಆದರೆ, ಉಳಿದದ್ದು ತಾನೇ 2ರದ್ದು ಅಲ್ವಾ? ಅಂದರೆ 23 − ಎಕ್ಸ್. ಆಮೇಲೆ ಅಡ್ಡಕ್ಕೆ ಗುಣಿಸಿ, ಕೊನೆಯ ಕಾಲಂ ಮಾತ್ರ ಕೂಡಬೇಕು:

5ಎಕ್ಸ್ + 2(23 − ಎಕ್ಸ್) = 76
3ಎಕ್ಸ್ = 30
ಎಕ್ಸ್ = 10

5ರ ನಾಣ್ಯ 10, 2ರದ್ದು 13. ತಾಳೆ: 50 + 26 = 76. ಲೆಕ್ಕದಲ್ಲಿ 50 ಪೈಸೆ ಬಂದರೆ ಮೊದಲೇ ಎಲ್ಲವನ್ನೂ ಪೈಸೆ ಮಾಡಿಕೊಳ್ಳಿ.